ಅರ್ಧ ಕಿಲೋ ಸಾಕ್ಷಿ

ಅಕ್ಟೋಬರ್ 3, ಮಂಗಳವಾರ

ಇವತ್ತು ಮೂರು ಕಡತ.

ಮೊದಲನೆಯದು ಹಾಲಿನ ಪುಡಿ. ಚೀಲದ ಮೇಲೆ ಹಸು, ಚೀಲದೊಳಗೆ ತಾಳೆ ಎಣ್ಣೆ. ಹಸುವಿನ ಚಿತ್ರವನ್ನು ಕಡತಕ್ಕೆ ಲಗತ್ತಿಸಿ ಪುಡಿಯನ್ನು ಸುಂಕಪಟ್ಟಿಯ ಹಾಲಿನ ಅಧ್ಯಾಯದಿಂದ ಆಚೆ ಹಾಕಿದೆ. ಎರಡನೆಯದು ಚೀಸ್ ಮಾಡಿ ಉಳಿದ ನೀರನ್ನು ಒಣಗಿಸಿದ ಪುಡಿ. ತಾನು ಏನೆಂದು ಹೇಳಿಕೊಂಡಿತ್ತೋ ಅದೇ ಆಗಿತ್ತು. ಇಂಥ ವಸ್ತುಗಳು ವರ್ಷಕ್ಕೆ ಒಂದೆರಡಾದರೂ ಸಿಗುತ್ತವೆ. ಮನುಷ್ಯರಲ್ಲಿ ಈ ಪ್ರಮಾಣ ಇನ್ನೂ ಕಡಿಮೆ.

ಮೂರನೆಯದು ಮಂಗೋಲಿಯಾದ ಬಯಾನ್-ಒಲ್ಗೀಯಿಂದ ಬಂದ ಎಂಟು ಟನ್. ಕಾಗದದ ಮೇಲೆ ‘ಒಣಗಿಸಿದ ಹುಳಿಹಾಲಿನ ಉಂಡೆ, ಸೂಪಿನ ಪುಡಿ ತಯಾರಿಕೆಗೆ’ ಎಂದಿದೆ. ಅಂದರೆ ಕುರ್ತ್. ಕಲ್ಲಿನಷ್ಟು ಗಟ್ಟಿ, ಉಪ್ಪು, ಹುಳಿ. ನಮ್ಮಲ್ಲಿ ಹಲ್ಲು ಬರುವ ಮೊದಲು ಬಾಯಿಗೆ ಬಂದು ಹಲ್ಲು ಹೋದ ಮೇಲೂ ಬಾಯಲ್ಲೇ ಇರುವಂಥದ್ದು. ಕಜಾಖರ ನಾಡಿಗೆ ಕುರ್ತ್ ಆಮದು ಮಾಡಿಕೊಳ್ಳುವವರನ್ನು, ಅಂದರೆ ಬಾವಿಗೆ ನೀರು ಹೊತ್ತು ತರುವವರನ್ನು, ಮೊದಲ ಸಲ ನೋಡುತ್ತಿದ್ದೇನೆ. ಆಮದುದಾರಳ ಹೆಸರು ಕುಲ್ಪಾಶ್. ಅಗತ್ಯವಿಲ್ಲದ ವಿವರ. ಕಡತ 417 ಎಂದರೆ ಸಾಕು.

ಅಲ್ಮಾಟಿಯ ಈ ಕಟ್ಟಡದಲ್ಲಿ ಮೂವತ್ತೊಂದು ವರ್ಷದಿಂದ ನನ್ನ ಕೆಲಸ ಒಂದೇ: ಗಡಿ ದಾಟಿ ಬಂದದ್ದಕ್ಕೆ ಹತ್ತು ಅಂಕಿಯ ಹೆಸರಿಡುವುದು. ನನ್ನ ಒಂದು ತೀರ್ಮಾನವೂ ಮೇಲ್ಮನವಿಯಲ್ಲಿ ಬಿದ್ದಿಲ್ಲ. ಜೂನ್‌ನಲ್ಲಿ ನಿವೃತ್ತಿ, ಆವತ್ತು ಇದೇ ವಾಕ್ಯವನ್ನು ಒಂದು ಹಿತ್ತಾಳೆ ಫಲಕದ ಮೇಲೆ ಕೆತ್ತಿ ಕೊಡುತ್ತಾರಂತೆ. ಗುಟ್ಟು ದೊಡ್ಡದೇನಲ್ಲ. ಅನುಮಾನ ಬಂದಾಗ ಹೆಚ್ಚು ಸುಂಕದ, ಹೆಚ್ಚು ಕಷ್ಟದ ಶೀರ್ಷಿಕೆಗೆ ಹಾಕಬೇಕು. ಕಡಿಮೆಯದಕ್ಕೆ ಹಾಕಿದರೆ ಲೆಕ್ಕ ಪರಿಶೋಧಕರು ನಿನ್ನನ್ನು ಕರೆಯುತ್ತಾರೆ. ಹೆಚ್ಚಿನದಕ್ಕೆ ಹಾಕಿದರೆ ಅಳುವವರು ಬೇರೆಯವರು. ಇದನ್ನು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಎಲ್ಲರಿಗೂ ಬಾಯಿಪಾಠ.

417ರಿಂದ ಎರಡು ಮಾದರಿ ತೆಗೆಸಿದೆ. ಅರ್ಧ ಕಿಲೋ ಲ್ಯಾಬಿಗೆ. ಇನ್ನರ್ಧ ಕಿಲೋ ಬಿಳಿ ಬಟ್ಟೆಚೀಲದಲ್ಲಿ, ಮುದ್ರೆಯೊತ್ತಿ, ಮಾದರಿ ಕೋಣೆಯ ಕಪಾಟಿಗೆ.

ಅಕ್ಟೋಬರ್ 4, ಬುಧವಾರ

ಲ್ಯಾಬಿನ ಲಿದಿಯಾ ಕಾರ್ಲೊವ್ನಾ ವರದಿಯನ್ನು ಸ್ವತಃ ತಂದುಕೊಟ್ಟರು. ಅರವತ್ತೆರಡು ವರ್ಷ, ಜರ್ಮನ್ ಮನೆತನ, ನಗುವುದಿಲ್ಲ. ಕಟ್ಟಡದಲ್ಲಿ ನಾನು ಮಾತಾಡಲು ಇಷ್ಟಪಡುವ ಏಕೈಕ ವ್ಯಕ್ತಿ.

“ಕೊಬ್ಬು ಇಷ್ಟು, ಉಪ್ಪು ಇಷ್ಟು, ತೇವ ಇಲ್ಲ. ನನ್ನ ಅರೆಯೋ ಯಂತ್ರದ ಬ್ಲೇಡ್ ಒಂದು ಹೋಯ್ತು. ಇನ್ನೇನ್ ಬೇಕು ಓರೆಕೆ?”

ನನ್ನ ಹೆಸರು ಒರಿನ್‌ಬಸಾರ್. ಗೌರವ ಕೊಟ್ಟಾಗ ಅದು ಹೀಗೆ ಗಿಡ್ಡವಾಗುತ್ತದೆ.

“ಚೀಸೋ, ಹುಳಿಹಾಲೋ? ಅಷ್ಟು ಹೇಳಿ.”

“ಹೆಣ ನೋಡಿ ಮದುವೆ ಆಗಿತ್ತೋ ಇಲ್ವೋ ಅಂತ ಹೇಳಕ್ಕಾಗತ್ತಾ? ಒಣಗಿದ್ಮೇಲೆ ನನ್ನ ಕಣ್ಣಿಗೆ ಎಲ್ಲಾ ಒಂದೇ. ಹಾಲು ಒಡೆಸಿ ನೀರು ಬಸಿದ್ರೋ, ಹುಳಿಬರಿಸಿ ಕುದಿಸಿದ್ರೋ ಅಂತ ನೋಡೋ ಯಂತ್ರ ರಾಜಧಾನೀಲಿದೆ. ನಮಗೆ ಕೊಡ್ತೀವಿ ಅಂತ ಹನ್ನೊಂದು ವರ್ಷದಿಂದ ಹೇಳ್ತಾ ಇದಾರೆ.”

ಅಂದರೆ ಅನುಮಾನವಿದೆ. ಅಂದರೆ ಚೀಸ್. ಕರಡು ಬರೆಯಲು ಹದಿನೈದು ನಿಮಿಷ ಹಿಡಿಯಿತು, ಅದರಲ್ಲಿ ಹತ್ತು ನಿಮಿಷ ಪ್ರಿಂಟರಿನದು.

ಅಕ್ಟೋಬರ್ 6, ಶುಕ್ರವಾರ

ಆಮದುದಾರಳು ಬಂದಿದ್ದಳು. ನಲವತ್ತೈದರ ಆಸುಪಾಸು, ಗಂಡಸರ ಕೋಟು, ಕೈಯಲ್ಲಿ ಕಾಗದಗಳ ಕಟ್ಟು. ಬಯಾನ್-ಒಲ್ಗೀಯ ಕಜಾಖರು ಹಳೆಯ ಮಾತುಗಳನ್ನು ಗಡಿಯಾಚೆ ಹೊತ್ತುಕೊಂಡು ಹೋಗಿ, ನಾವು ಇಲ್ಲಿ ಕಳೆದುಕೊಂಡ ಮೇಲೆ, ವಾಪಸ್ ತಂದಿದ್ದಾರೆ. ಅದಕ್ಕೆ ಇನ್ನೂ ಸುಂಕ ವಿಧಿಸಿಲ್ಲ.

“ಚೀಸ್ ಅಂತ ಬರೆದಿದೀರಂತೆ ಅಗಾ,” ಅಂದಳು. ಅಣ್ಣ ಎಂದು ಕರೆದರೆ ಕೋಡ್ ಕರಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. “ನಮ್ಮತ್ತೆ ಕೇಳಿಸ್ಕೊಂಡ್ರೆ ನಿಮ್ಮೇಲೆ ನಾಯಿ ಬಿಡ್ತಾಳೆ.”

“ಇನ್ನೂ ಕರಡು. ಚೀಸ್ ಆದ್ರೆ ಒಪ್ಪಿಗೆ ಪಟ್ಟಿಯಲ್ಲಿರೋ ಕಾರ್ಖಾನೆ ನಂಬರ್ ಬೇಕಾಗತ್ತೆ. ಇದೆಯಾ?”

“ನಲವತ್ತೆರಡು ಮನೆ. ಬೇಸಿಗೇಲಿ ಗುಡ್ಡದ ಮೇಲಿರ್ತಾರೆ, ಚಳಿಗಾಲದಲ್ಲಿ ಕೆಳಗಿರ್ತಾರೆ. ನಂಬರ್ ಎಲ್ಲಿ ಬರೀಲಿ, ಯಾಕ್ ದನದ ಕಿವಿ ಮೇಲಾ?”

ಮಾಡುವ ವಿಧಾನವನ್ನು, ನಾನು ಕೇಳದಿದ್ದರೂ, ಹೇಳಿದಳು. ಹಾಲನ್ನು ಪೀಪಾಯಿಯಲ್ಲಿ ಹುಳಿಬರಿಸುತ್ತಾರೆ. ಒಲೆಗೇರಿಸಿ ಅದರ ಸಾರಾಯಿ ಇಳಿಸುತ್ತಾರೆ. ತಳದಲ್ಲಿ ಉಳಿದದ್ದನ್ನು ಕುದಿಸಿ, ಚೀಲದಲ್ಲಿ ತೂಗುಹಾಕಿ, ಉಂಡೆ ಕಟ್ಟಿ ಗುಡಾರದ ಮೇಲೆ ಒಣಗಿಸುತ್ತಾರೆ. “ಒಡೆಸೋದೇ ಇಲ್ಲ. ಹೆಪ್ಪು, ಗಿಪ್ಪು, ಏನೂ ಇಲ್ಲ. ಇದು ಚೀಸ್ ಆದ್ರೆ ನಾನು ಒಂಟೆ.”

ಕಸ್ಕೆಲೆನ್‌ನಲ್ಲಿ ಅವಳದೊಂದು ಬೀಸುವ ಶೆಡ್ ಇದೆ. ಹನ್ನೊಂದು ಹೆಂಗಸರು, ಎಲ್ಲರೂ ಆ ಕಡೆಯಿಂದ ಬಂದವರು. ಪುಡಿ ಸೂಪು ಮಾಡುವವರಿಗೆ ಹೋಗುತ್ತದೆ. ಹುಳಿಹಾಲು ಎಂದಾದರೆ ಅವಳಲ್ಲಿರುವ ಪಶುವೈದ್ಯರ ಕಾಗದ ಸಾಕು, ಮಾಲು ನಾಳೆಯೇ ಹೋಗುತ್ತದೆ. ಚೀಸ್ ಎಂದಾದರೆ, ಮೇಲ್ಮನವಿಯಲ್ಲೂ ಅದೇ ನಿಂತರೆ, ನಂಬರಿಲ್ಲದ ಎಂಟು ಟನ್ನಿಗೂ ಬೆಂಕಿ.

“ಸುಡ್ತೀರಾ? ಊಟಾನಾ?” ಅಂದಳು. ಕೂಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

“ವಿಲೇವಾರಿ ಮಾಡ್ತೀವಿ,” ಎಂದು ತಿದ್ದಿದೆ.

“ಹೋದ ವರ್ಷ ಒಂದು ಲಾರಿ ಹಿಮದಲ್ಲಿ ಸಿಕ್ಕಿ ಹೋಯ್ತು. ಇದೂ ಹೋದ್ರೆ ಶೆಡ್ ಮುಚ್ತೀನಿ. ಆ ಹನ್ನೊಂದು ಜನಕ್ಕೆ ನೀವೇ ಹೇಳಿ ಆಮೇಲೆ. ನಂಗೆ ಬಾಯಿ ಬರಲ್ಲ.”

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ಮಾತು ನಮ್ಮಂಥವರನ್ನು ನೋಡಿಯೇ ಹುಟ್ಟಿದ್ದು. ಮಾತಿನ ಮಾನ ಕಾಪಾಡಿದೆ. ಕೋಡ್ ಬದಲಾಗಲಿಲ್ಲ.

ಅಕ್ಟೋಬರ್ 9, ಸೋಮವಾರ

ಚಳಿಗಾಲಕ್ಕೆ ಮುಂಚೆ ಬಿಸಿನೀರಿನ ಕೊಳವೆಗಳನ್ನು ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಕೊಳವೆ ಒಡೆದರೆ ಅದು ಯಶಸ್ವಿ ಪರೀಕ್ಷೆ. ಶನಿವಾರ ಮಾದರಿ ಕೋಣೆಯಲ್ಲಿ ಒಂದು ಯಶಸ್ವಿಯಾಯಿತು. ಕಸಗುಡಿಸುವ ಬಾತಿಮಾ ಒಬ್ಬಳೇ ಇದ್ದು ನೀರು ಬಳಿದು ಎಲ್ಲವನ್ನೂ ಒಣಗಿಸಿದ್ದಾಳೆ. ಕಪಾಟಿನ ಬೀಗ ಸರಿಯಿತ್ತು. ‘ಹಾನಿಯಿಲ್ಲ’ ಎಂದು ಷರಾ ಬರೆದು ಸಹಿ ಹಾಕಿದೆ. ಬೀಗ ತೆಗೆದು ನೋಡಬೇಕೆಂದು ನಮೂನೆಯಲ್ಲಿ ಹೇಳಿಲ್ಲ.

ಚಹದ ಮೇಜಿನ ಮೇಲೆ ಯಾರೋ ಒಂದು ದೊಡ್ಡ ಬಟ್ಟಲು ಕುರ್ತ್ ಇಟ್ಟಿದ್ದಾರೆ. ಶರತ್ಕಾಲದಲ್ಲಿ ಯಾರಿಗಾದರೂ ಹಳ್ಳಿಯಿಂದ ಬರುತ್ತದೆ. ಮೇಜಿಗೆ ಬಂದ ಊಟದ ವಿಳಾಸ ಕೇಳುವುದು ನಮ್ಮಲ್ಲಿ ಜಿಪುಣನ ಲಕ್ಷಣ, ಆದ್ದರಿಂದ ಯಾರೂ ಕೇಳಲಿಲ್ಲ. ನಾನೂ ಒಂದು ತೆಗೆದುಕೊಂಡೆ.

ಅಕ್ಟೋಬರ್ 10, ಮಂಗಳವಾರ

ಎರಡು.

ಅಕ್ಟೋಬರ್ 12, ಗುರುವಾರ

ರೌಶಾನ್ ಫೋನ್ ಮಾಡಿದ್ದಳು. ಮೊಮ್ಮಗುವನ್ನು ನೋಡಿಕೊಳ್ಳಲು ರಾಜಧಾನಿಗೆ ಹೋದವಳು. ಮೊಮ್ಮಗು ಈಗ ಶಾಲೆಗೆ ಹೋಗುತ್ತದೆ, ಹೆಂಡತಿ ಇನ್ನೂ ಅಲ್ಲೇ ಇದ್ದಾಳೆ. ಈ ಸ್ಥಿತಿಗೆ ಪಟ್ಟಿಯಲ್ಲಿ ಶೀರ್ಷಿಕೆಯಿಲ್ಲ, ನಾವಿಬ್ಬರೂ ಹುಡುಕಿಲ್ಲ.

“ಬಾಯಲ್ಲೇನು?” ಅಂದಳು.

“ಕುರ್ತ್.”

“ಹಲ್ಲು?”

“ಇದೆ.”

“ಯಾರು ಕೊಟ್ರು?”

“ಗೊತ್ತಿಲ್ಲ.”

“ಗೊತ್ತಿಲ್ಲದ್ದನ್ನ ತಿಂತಾ ಇದೀಯಾ, ನೀನು? ಮದುವೆಯಾದ ಹೊಸದ್ರಲ್ಲಿ ನಮ್ಮಮ್ಮ ಕಳಿಸಿದ ಜಾಮ್‌ನ ತಯಾರಾದ ತಾರೀಕು ಕೇಳ್ದೋನು.”

ಆಮೇಲೆ ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಕುರ್ತ್ ಕರಗಲು ಇಪ್ಪತ್ತು ನಿಮಿಷ ಬೇಕು.

ಮೊದಲು ಹುಳಿ. ಆಮೇಲೆ ಹೊಗೆ. ಕೊನೆಗೆ, ಹಾಲು ತಳ ಹಿಡಿದ ಪಾತ್ರೆಯನ್ನು ಚಮಚದಿಂದ ಕೆರೆದರೆ ಸಿಗುವಂಥ ಒಂದು ಸಿಹಿ. ನಮ್ಮ ಕಡೆಯ ಕುರ್ತ್‌ನಲ್ಲಿ ಇದಿಲ್ಲ. ಮೇಲಧಿಕಾರಿ ಮಾದಿಯಾರ್‌ನ ಅತ್ತೆ ಕಳಿಸಿರಬಹುದು ಎಂದುಕೊಂಡೆ, ಆದರೆ ಆಕೆಯ ಮನೆಯಲ್ಲಿ ಊಟ ಮಾಡಿದ್ದೇನೆ. ಸಾಧ್ಯವಿಲ್ಲ.

ಅಕ್ಟೋಬರ್ 17, ಮಂಗಳವಾರ

417: ಚೀಸ್. ಸಹಿ ಹಾಕಿದೆ.

ಬಟ್ಟಲು ಮುಗಿಯುತ್ತಾ ಬಂದಿದೆ. ಲಿದಿಯಾ ಕಾರ್ಲೊವ್ನಾ ಈಗ ದಿನಾ ಚಹಕ್ಕೆ ಮೇಲೆ ಹತ್ತಿ ಬರುತ್ತಾರೆ. ಹತ್ತು ವರ್ಷದಿಂದ ಮೊಣಕಾಲು ನೋವೆಂದು ಬಾರದಿದ್ದವರು. ಕೊನೆಯ ನಾಲ್ಕರಲ್ಲಿ ಎರಡನ್ನು ಕೋಟಿನ ಜೇಬಿಗೆ ಹಾಕಿಕೊಂಡರು. “ಇದು ಇಲ್ಲೀದಲ್ಲ ಓರೆಕೆ. ಇದಕ್ಕೆ ಬೆಂಕಿ ತಾಗಿದೆ.” ನಾನು ಒಂದನ್ನು ತೆಗೆದುಕೊಂಡೆ. ಉಳಿದ ಒಂದನ್ನು ಮರ್ಯಾದೆಗೆ ಬಿಟ್ಟೆವು. ಊಟದ ನಂತರ ನೋಡಿದರೆ ಮರ್ಯಾದೆಯೂ ಇರಲಿಲ್ಲ.

ಅಕ್ಟೋಬರ್ 19, ಗುರುವಾರ

ಆಮದುದಾರಳು ಮೇಲ್ಮನವಿ ಹಾಕಿದ್ದಾಳೆ. ಸ್ವಂತ ಕೈಬರಹ, ವಕೀಲರಿಲ್ಲ. ‘ಸುಂಕದ ಅಣ್ಣನವರು ತಿಳಿಯದೆ ಬರೆದಿದ್ದಾರೆ’ ಎಂದು ಶುರುವಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ನನ್ನನ್ನು ಭ್ರಷ್ಟನೆಂದು ಕರೆದವರಿದ್ದಾರೆ. ಅಜ್ಞಾನಿ ಎಂದವರು ಇವಳೇ ಮೊದಲು.

ನವೆಂಬರ್ ಎರಡಕ್ಕೆ ರಾಜಧಾನಿಯಿಂದ ಆಯೋಗ ಬರುತ್ತದೆ. ಮುದ್ರೆ ಹಾಕಿಟ್ಟ ಮಾದರಿಯನ್ನು ಅವರೇ ಒಯ್ದು ಆ ಯಂತ್ರಕ್ಕೆ ಹಾಕುತ್ತಾರೆ. ಗೋದಾಮಿನಲ್ಲಿ ಎಂಟು ಟನ್ ಬಿದ್ದಿದೆಯಲ್ಲ, ಅದರಿಂದ ಒಂದು ಹಿಡಿ ತೆಗೆಯಬಾರದೇ ಎಂದರೆ, ತೆಗೆಯಬಾರದು. ದಿನ ಕಳೆದಂತೆ ಮಾಲೀಕರು ಮಾಲನ್ನು ಬದಲಿಸಿರಬಹುದು. ಮೊದಲ ದಿನ ಮುದ್ರೆ ಬಿದ್ದದ್ದಷ್ಟೇ ನಿಜ. ನಿಯಮದ ಕಣ್ಣಿಗೆ ಎಂಟು ಟನ್ ಇಲ್ಲವೇ ಇಲ್ಲ. ಇರುವುದು ಅರ್ಧ ಕಿಲೋ.

ಅಕ್ಟೋಬರ್ 20, ಶುಕ್ರವಾರ

ಅದೂ ಇಲ್ಲ.

ಕಪಾಟು ತೆಗೆದೆ. 417ರ ತಟ್ಟೆಯಲ್ಲಿ ನೀರು ಕುಡಿದು ಒಣಗಿದ ಚೀಟಿ ಅಂಟಿಕೊಂಡಿತ್ತು. ಪಕ್ಕದಲ್ಲಿ, ಚೆನ್ನಾಗಿ ಒಗೆದು ಮಡಿಸಿಟ್ಟ ಒಂದು ಬಿಳಿ ಬಟ್ಟೆಚೀಲ.

ಬಾತಿಮಾಳನ್ನು ಕರೆಸಿದೆ. ಹೆದರಲಿಲ್ಲ. ಹೆದರಬೇಕಾದ ವಿಷಯ ಎಂದೇ ಅವಳಿಗೆ ಗೊತ್ತಿರಲಿಲ್ಲ.

“ಕಪಾಟಿಂದ ನೀರು ಸೋರ್ತಿತ್ತು, ಮೊಳೆಗೆ ನೇತುಹಾಕಿರೋ ಬೀಗದಕೈಲಿ ತೆಗ್ದೆ, ಚೀಲ ನೆಲಕ್ಕೆ ಬಿತ್ತು ಅಗಾ. ನೀರಲ್ಲಿ. ಅನ್ನ ನೆಲದ ಮೇಲೆ ನೀರಲ್ಲಿ. ನೋಡಿ ಸುಮ್ನೆ ಇರಕ್ಕಾಗತ್ತಾ?”

“ಮುದ್ರೆ ಇತ್ತಲ್ಲ?”

“ಕತ್ತರಿಸ್ದೆ. ಚೀಲ ನೆಂದು ಮುದ್ದೆಯಾಗಿತ್ತು. ಒಂದೊಂದೇ ಒರೆಸಿ, ಪೇಪರ್ ಹಾಸಿ ಒಣಗಿಸಿದೀನಿ. ಒಂದೂ ಹಾಳಾಗಿಲ್ಲ. ಕಪಾಟಲ್ಲಿಟ್ರೆ ಬೂಜು ಬರತ್ತೆ ಅಂತ ಮೇಜಿಗಿಟ್ಟೆ. ನೀವೇ ತಿಂತಿದ್ರಲ್ಲ, ಚೆನ್ನಾಗಿದೆ ಅಂತಾನೂ ಅಂದ್ರಿ.”

ಹೌದು, ಅಂದಿದ್ದೆ.

ಇದನ್ನು ಬೇರೆ ಯಾವ ದೇಶದ ಸುಂಕದ ಕಚೇರಿಯಲ್ಲಾದರೂ ಕಳ್ಳತನ ಎನ್ನುತ್ತಿದ್ದರು. ಇಲ್ಲಿ ಆ ಹೆಂಗಸು ಪುಣ್ಯ ಕಟ್ಟಿಕೊಂಡಳು, ನಾವು ಒಂಬತ್ತು ದಿನ ಸಾಕ್ಷಿಯನ್ನು ಚಹದ ಜೊತೆ ಚೀಪಿದೆವು.

ಮಾದಿಯಾರ್‌ಗೆ ತಿಳಿಸಿದೆ. ಮೂವತ್ತನಾಲ್ಕು ವರ್ಷ, ಹೊರದೇಶದ ಪದವಿ, ಕೋಣೆಯಲ್ಲಿ ವ್ಯಾಯಾಮಕ್ಕೆಂದು ಓಡುವ ಯಂತ್ರ ಇಟ್ಟುಕೊಂಡಿದ್ದಾನೆ. ಬಾಗಿಲು ಹಾಕಿದ.

“ಮಾದರಿ ಇಲ್ಲ ಅಂದ್ರೆ ಏನಾಗತ್ತೆ ಅಗಾ?”

“ನಮ್ಮ ತಪ್ಪಿಂದ ಹೋಗಿದ್ರೆ ಅನುಮಾನದ ಲಾಭ ಅವಳಿಗೆ. ಮಾಲು ಬಿಡಬೇಕು. ನನ್ನ ತೀರ್ಮಾನ ಬೀಳತ್ತೆ.”

“ನಿಮ್ಮದು ಬೀಳತ್ತಾ? ಜೂನ್‌ಗೆ ಫಲಕ ಮಾಡಿಸೋಕೆ ಹೇಳಿದೀನಿ ನಾನು.” ಓಡುವ ಯಂತ್ರದ ಮೇಲಿದ್ದ ಟವೆಲ್ ಮಡಿಸಿದ. “ಬಜಾರಲ್ಲಿ ಕುರ್ತ್ ಸಿಗಲ್ವಾ? ಬಿಳಿ ಉಂಡೆ ತಾನೆ. ಅರ್ಧ ಕಿಲೋ ತಂದು ಚೀಲಕ್ಕೆ ಹಾಕಿ.”

“ಬಜಾರಿಂದು ಒಡೆಸಿ ಬಸಿದಿದ್ದು. ಯಂತ್ರ ಚೀಸ್ ಅನ್ನತ್ತೆ.”

“ಒಳ್ಳೇದೇ ಆಯ್ತಲ್ಲ. ನೀವೂ ಅದನ್ನೇ ಬರೆದಿರೋದು.” ಆಮೇಲೆ ದನಿ ತಗ್ಗಿಸಿ: “ಇಲ್ಲಾಂದ್ರೆ ಬಾತಿಮಾ ಮೇಲೆ ಹಾಕ್ಬೇಕಾಗತ್ತೆ. ಸರ್ಕಾರಿ ಮುದ್ರೆ ಒಡೆದಿದ್ದಾಳೆ. ಅದು ಪೊಲೀಸ್ ಕೇಸು. ನಂಗಿಷ್ಟ ಇಲ್ಲ, ಪಾಪ. ನೀವೇ ಯೋಚ್ನೆ ಮಾಡಿ.”

ಹುಡುಗ ಜಾಣ.

ಅಕ್ಟೋಬರ್ 21, ಶನಿವಾರ

ಬಜಾರಿಗೆ ಹೋದೆ. ಆದೇಶವೆಂದರೆ ಆದೇಶ.

ಹಾಲಿನ ಸಾಲಿನಲ್ಲಿ ಏಳು ಜನ ಕುರ್ತ್ ಮಾರುತ್ತಾರೆ. ಮೊದಲನೆಯದರಲ್ಲಿ ಬರೀ ಉಪ್ಪು. ಎರಡನೆಯದು ಸೀಮೆಸುಣ್ಣ. ಮೂರನೆಯದರಲ್ಲಿ ಪುದೀನ, ಯಾಕೋ. ನಾಲ್ಕನೆಯದು ಪರವಾಗಿಲ್ಲ, ಆದರೆ ಹುಳಿ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ, ಒಳಗೆ ಬರುವುದಿಲ್ಲ. ಐದನೆಯದನ್ನು ಬಾಯಲ್ಲಿಟ್ಟುಕೊಂಡು ಹೊಗೆ ಬರುತ್ತದೇನೋ ಎಂದು ಕಾದೆ.

“ತಗೊಳ್ತೀರೋ, ಇಲ್ಲೇ ಊಟ ಮುಗಿಸ್ತೀರೋ?” ಎಂದಳು ಅಂಗಡಿಯಾಕೆ.

“ಹೊಗೆ ಇರೋದು ಬೇಕಿತ್ತು.”

“ಹೊಗೆ ಬೇಕಾದ್ರೆ ಹೊರಗಡೆ ಸ್ಟ್ಯಾಂಡಲ್ಲಿ ಬಸ್ ಹಿಂದೆ ನಿಂತ್ಕೊಳ್ಳಿ ಅಗಾ. ಕುರ್ತ್‌ನಲ್ಲಿ ಹಾಲಿರತ್ತೆ.”

ಪಕ್ಕದವಳು ನಕ್ಕಳು. “ಬಿಡೇ. ಹೆಂಡತಿ ಬಿಟ್ಟು ಹೋಗಿರ್ಬೇಕು. ಅವರಿಗೆ ಯಾವ್ದೂ ರುಚಿಸಲ್ಲ.”

ಏಳನ್ನೂ ನೋಡಿ ಬರಿಗೈಯಲ್ಲಿ ಬಂದೆ. ಗುಣಮಟ್ಟ ಸರಿಯಿರಲಿಲ್ಲ, ಅಷ್ಟೇ. ನಕಲಿಯನ್ನಾದರೂ ಅಚ್ಚುಕಟ್ಟಾಗಿ ಮಾಡಬೇಕು.

ಅಕ್ಟೋಬರ್ 27, ಶುಕ್ರವಾರ

ಕಾರಿಡಾರಿನಲ್ಲಿ ಕುಲ್ಪಾಶ್ ಕುಳಿತಿದ್ದಳು. ಗೋದಾಮಿನ ಬಾಡಿಗೆಯ ರಸೀದಿಗೆ ಮುದ್ರೆ ಹಾಕಿಸಲು ಬಂದವಳು, ಮೂರು ಗಂಟೆಯಿಂದ ಕಾಯುತ್ತಿದ್ದಳು. ಮುದ್ರೆ ಹಾಕುವವನು ನನ್ನ ಎದುರು ಕೋಣೆಯಲ್ಲಿ ಫೋನಿನಲ್ಲಿ ಚದುರಂಗ ಆಡುತ್ತಿದ್ದ. ಒಳಗೆ ಹೋಗಿ ಮುದ್ರೆ ಹಾಕಿಸಿ ತಂದುಕೊಟ್ಟೆ. ಕಾರಿಡಾರಿನಲ್ಲಿ ಜನ ಕೂತರೆ ಓಡಾಡಲು ತೊಂದರೆ.

“ನನ್ನ ಅರ್ಧ ಕಿಲೋ ಜೋಪಾನವಾಗಿದೆಯಾ ಅಗಾ?”

“ಇದೆ.”

“ಅದೊಂದೇ ನನ್ನ ಪರವಾಗಿ ಮಾತಾಡೋದು. ನನ್ನ ಮಾತು ಯಾರು ಕೇಳ್ತಾರೆ? ಅದು ಮಾತ್ರ ಸುಳ್ಳು ಹೇಳಲ್ಲ.”

“ಶೆಡ್ ನಡೀತಿದೆಯಾ?”

“ಬೀಸೋ ಕಲ್ಲು ನಿಂತಿದೆ. ಹೆಂಗಸರು ಬರ್ತಾರೆ, ಕೂತ್ಕೊಳ್ತಾರೆ, ಚಹ ಕುಡೀತಾರೆ, ಹೋಗ್ತಾರೆ. ಮನೇಲಿರಿ ಅಂದ್ರೆ ಕೇಳಲ್ಲ. ಬರೋದು ನಿಲ್ಸಿದ್ರೆ ಕೆಲಸ ಹೋಯ್ತು ಅಂತ ಒಪ್ಕೊಂಡ ಹಾಗಾಗತ್ತಂತೆ.” ಎದ್ದಳು. “ನೀವ್ಯಾಕೆ ಕೇಳಿದ್ರಿ?”

ಅಂಕಿಅಂಶಕ್ಕೆ ಎಂದೆ.

ಅಕ್ಟೋಬರ್ 30, ಸೋಮವಾರ

ಮಾದಿಯಾರ್ ತಾನೇ ಚೀಲ ತಯಾರಿಸಿ ತಂದಿದ್ದಾನೆ. ಹೊಸ ಬಟ್ಟೆ, ಹೊಸ ದಾರ, ಹಳೆಯ ತಾರೀಕಿನ ಚೀಟಿ. ನನ್ನ ಸಹಿಯೊಂದು ಬಾಕಿ.

“ಇಲ್ಲಿ, ಅಗಾ.”

“ಚೀಟಿ ಕಾಗದ ಬೇರೆ. ಅಕ್ಟೋಬರ್ ಮೊದಲ ವಾರದಲ್ಲಿ ಹಳದಿ ಕಾಗದ ಇತ್ತು.”

ಮಧ್ಯಾಹ್ನ ಹಳದಿ ಕಾಗದ ಬಂತು.

“ದಾರದ ಗಂಟು ಎಡಗೈಯಂದು. ನಾನು ಬಲಗೈಯವನು.”

“ಅದನ್ನ ಯಾರು ನೋಡ್ತಾರೆ?”

“ನಾನು ನೋಡ್ತೀನಿ.”

ಸಂಜೆ ಗಂಟೂ ಸರಿಯಾಯಿತು. ಪೆನ್ನಿನಲ್ಲಿ ಶಾಯಿ ಮುಗಿದಿದೆ, ನಾಳೆ ನೋಡೋಣ ಎಂದೆ. ಜೇಬಿನಲ್ಲಿ ಮೂರು ಪೆನ್ನುಗಳಿದ್ದವು, ಅವನಿಗೂ ಕಾಣುತ್ತಿದ್ದವು. ಕಾರ್ಯವಿಧಾನ ಕಾರ್ಯವಿಧಾನವೇ. ಹಾಳುಮೂಳು ಚೀಲಕ್ಕೆಲ್ಲ ಸಹಿ ಹಾಕಿ ಅಭ್ಯಾಸವಿಲ್ಲ, ಬೇರೆ ಕಾರಣವೇನಿಲ್ಲ.

ಅವನು ಹೋದ ಮೇಲೆ ಚೀಲದಿಂದ ಒಂದನ್ನು ತೆಗೆದು ತಿಂದು ನೋಡಿದೆ. ಪುದೀನ.

ನವೆಂಬರ್ 2, ಗುರುವಾರ

ಆಯೋಗದಲ್ಲಿ ಮೂವರು. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಮೇಜಿನ ಒಂದು ಕಡೆ ಮಾದಿಯಾರ್, ನಾನು, ಸಾಕ್ಷಿಗೆಂದು ಕರೆಸಿದ ಲಿದಿಯಾ ಕಾರ್ಲೊವ್ನಾ. ಇನ್ನೊಂದು ಕಡೆ ಕುಲ್ಪಾಶ್, ಇಸ್ತ್ರಿ ಮಾಡಿದ ಗಂಡಸರ ಕೋಟಿನಲ್ಲಿ. ಮಧ್ಯದಲ್ಲಿ ಚೀಲ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಅಧಿಕೃತ ನಡಾವಳಿಯಲ್ಲಿ ಅರ್ಧಕ್ಕರ್ಧ ಬಿಟ್ಟಿದ್ದಾರೆ.

“ಚೀಲದ ಮೇಲೆ ನಿಮ್ಮ ಸಹಿ ಇಲ್ಲ,” ಎಂದರು ಅಧ್ಯಕ್ಷೆ.

“ಅಗಾ ಈಗ ಹಾಕ್ತಾರೆ,” ಎಂದು ಮಾದಿಯಾರ್ ನನ್ನ ಮುಂದೆ ಪೆನ್ನಿಟ್ಟ.

“ಮೊದಲ ದಿನ ಮುದ್ರೆ ಹಾಕಿದ ಮಾದರಿ ಇದೇನಾ?”

“ಅಲ್ಲ,” ಎಂದೆ.

ಯಾರೋ ಕುರ್ಚಿ ಸರಿಸಿದರು.

“ಮತ್ತೆ ಅದೆಲ್ಲಿ?”

“ತಿಂದಾಯ್ತು.”

“ಯಾರು ತಿಂದ್ರು?”

“ನಾನು. ಬೇರೆಯವರ ಲೆಕ್ಕ ನನ್ನ ಹತ್ರ ಇಲ್ಲ.”

“ನಾನೂ ಒಂಬತ್ತು ತಿಂದಿದೀನಿ,” ಎಂದರು ಲಿದಿಯಾ ಕಾರ್ಲೊವ್ನಾ. “ಬರ್ಕೊಳ್ಳಿ. ಎರಡು ಮನೆಗೆ ತಗೊಂಡ್ ಹೋಗಿದ್ದೆ, ಅದನ್ನೂ ಸೇರಿಸಿ.”

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. “ಮುದ್ರೆ ಯಾರು ಒಡೆದಿದ್ದು?”

ಮಾದಿಯಾರ್ ಬಾಯಿ ತೆರೆಯುತ್ತಿದ್ದ. “ಕೊಳವೆ ಒಡೀತು,” ಎಂದೆ. “ನೀರಲ್ಲಿ ಚೀಲ ಹೋಯ್ತು. ಮಾದರಿ ಕೋಣೆ ನನ್ನ ಜವಾಬ್ದಾರಿ. ಒಳಗೆ ನೋಡದೆ ಹಾನಿಯಿಲ್ಲ ಅಂತ ಸಹಿ ಹಾಕಿದ್ದು ನಾನು. ತಾರೀಕು ಒಂಬತ್ತು. ಕಾಗದ ಕಡತದಲ್ಲಿದೆ.”

“ಚಹದ ಮೇಜಿಗೆ ತಂದಿಟ್ಟವರು?”

“ನಮೂನೆಯಲ್ಲಿ ಆ ಪ್ರಶ್ನೆ ಇಲ್ಲ, ಮೇಡಂ.”

ಅವರು ಆ ಸಾಲನ್ನು ಖಾಲಿ ಬಿಟ್ಟರು. ಅವರೂ ಕಸಗುಡಿಸುವವರಿರುವ ಕಟ್ಟಡದಲ್ಲೇ ಕೆಲಸ ಮಾಡುವವರು.

“ಸರಿ. ನಿಮ್ಮ ತೀರ್ಮಾನ ಚೀಸ್ ಅಂತ. ಅದಕ್ಕಾದರೂ ನಿಂತಿದೀರಾ?”

ಇಲ್ಲಿ ‘ಹೌದು’ ಎಂದಿದ್ದರೂ ಮಾಲು ಬಿಡುಗಡೆಯಾಗುತ್ತಿತ್ತು, ಅನುಮಾನದ ಲಾಭದಲ್ಲಿ. ನನ್ನ ತೀರ್ಮಾನ ಬಿದ್ದರೂ ತಾಂತ್ರಿಕವಾಗಿ ಬೀಳುತ್ತಿತ್ತು. ಫಲಕಕ್ಕೆ ಒಂದು ಅಡಿಟಿಪ್ಪಣಿ ಸಾಕಾಗುತ್ತಿತ್ತು. ಆದರೆ ಮುಂದಿನ ಲಾರಿ ಬಂದಾಗ ಇವಳು ಮತ್ತೆ ಇದೇ ಕುರ್ಚಿಯಲ್ಲಿ ಕೂರಬೇಕಿತ್ತು.

“ಇಲ್ಲ. ಅದು ಚೀಸ್ ಅಲ್ಲ. ಹುಳಿಬರಿಸಿ, ಸಾರಾಯಿ ಇಳಿಸಿ, ಉಳಿದದ್ದನ್ನ ಕುದಿಸಿ ಒಣಗಿಸಿದ್ದು. ತಿಂದ್ರೆ ಗೊತ್ತಾಗತ್ತೆ. ಕೊನೇಲಿ ತಳ ಹಿಡಿದ ರುಚಿ ಬರತ್ತೆ, ಹೊಗೆ ಬರತ್ತೆ. ಒಡೆಸಿ ಬಸಿದಿದ್ರಲ್ಲಿ ಅದು ಬರಲ್ಲ. ಬಜಾರಿಂದು ಏಳು ತಿಂದು ನೋಡಿದೀನಿ.”

“ಹೊಗೆ ಅಲ್ಲ ಅಗಾ,” ಎಂದಳು ಕುಲ್ಪಾಶ್ ಎದುರಿನಿಂದ. “ಸಗಣಿ ಬೆರಣಿ. ನಮ್ಕಡೆ ಮರ ಎಲ್ಲಿದೆ?”

“ಬೆರಣಿ,” ಎಂದು ತಿದ್ದಿಕೊಂಡೆ.

“ನಾಲಿಗೆ ಅನ್ನೋದು ಪರೀಕ್ಷಾ ವಿಧಾನಗಳ ಪಟ್ಟೀಲಿ ಇಲ್ಲ, ಗೊತ್ತಲ್ಲ,” ಎಂದರು ಅಧ್ಯಕ್ಷೆ.

“ಗೊತ್ತು. ಆ ಪಟ್ಟಿ ಮಾಡಿದ ಸಮಿತೀಲಿ ನಾನಿದ್ದೆ.”

ನವೆಂಬರ್ 3, ಶುಕ್ರವಾರ

417: ಒಣಗಿಸಿದ ಹುಳಿಹಾಲು. ನನ್ನ ತೀರ್ಮಾನ ರದ್ದು. ಮುಂದಿನ ಲಾರಿಯ ಮಾದರಿ ನೇರವಾಗಿ ರಾಜಧಾನಿಯ ಯಂತ್ರಕ್ಕೆ.

ನನಗೆ ಲಿಖಿತ ಛೀಮಾರಿ, ಫಲಕವಿಲ್ಲ. ಸೋಮವಾರದ ನಂತರ ಪಾದರಕ್ಷೆ ವಿಭಾಗ. ಅಲ್ಲಿ ಮಾದರಿ ತಿನ್ನುವ ಅಪಾಯ ಕಡಿಮೆ.

ಮಾದಿಯಾರ್ ಮಾತು ಬಿಟ್ಟಿದ್ದಾನೆ. ಬಾತಿಮಾಗೆ ಏನೂ ತಿಳಿದಿಲ್ಲ. ಬಟ್ಟಲು ಖಾಲಿಯಿದೆ ಎಂದು ಒಣದ್ರಾಕ್ಷಿ ತುಂಬಿಸಿಟ್ಟಿದ್ದಾಳೆ. ನಾನು ಎಲ್ಲಿಂದ ಬಂತು ಎಂದು ಕೇಳಿದೆ. ಮೇಜಿನ ಸುತ್ತ ಇದ್ದವರೆಲ್ಲ ನನ್ನನ್ನು ಜಿಪುಣನೆಂಬಂತೆ ನೋಡಿದರು.

ರೌಶಾನ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಬಹಳ ನಕ್ಕಳು. ನಕ್ಕು ಮುಗಿಸಿ, ಈ ತಿಂಗಳ ಕೊನೆಗೆ ಒಂದು ವಾರ ಬಂದು ಹೋಗಲಾ ಎಂದಳು. ಚಪ್ಪಲಿಯ ಬಗ್ಗೆ ಓದುವುದು ಬಹಳ ಇದೆ ಎಂದೆ. ಆಮೇಲೆ, ಬಾ ಎಂದೆ.

ನವೆಂಬರ್ 6, ಸೋಮವಾರ

ಹಾಲಿನ ವಿಭಾಗದಲ್ಲಿ ಕೊನೆಯ ದಿನ. ಕುಲ್ಪಾಶ್ ಬಿಡುಗಡೆಯ ಕಾಗದಕ್ಕೆ ಬಂದಳು. ಕೃತಜ್ಞತೆ ನಿರೀಕ್ಷಿಸಿರಲಿಲ್ಲ, ಸಿಗಲೂ ಇಲ್ಲ.

“ಒಂದು ತಿಂಗಳು,” ಎಂದಳು. “ಸೂಪಿನವರಲ್ಲಿ ಒಬ್ರು ಬೇರೆ ಕಡೆ ಹೋದ್ರು. ಇಬ್ರು ಹೆಂಗಸರು ಹೋಟೆಲ್ ಕೆಲಸಕ್ಕೆ ಸೇರಿದ್ರು. ಮೊದಲ್ನೇ ದಿನಾನೇ ಒಂದು ಬಾಯಿಗೆ ಹಾಕ್ಕೊಂಡು ನೋಡಿದ್ರೆ ಏನ್ ಹೋಗ್ತಿತ್ತು ನಿಮ್ದು?”

“ನಿಯಮ ಇಲ್ಲ.”

“ಆಮೇಲೆ ತಿಂದಿದ್ದು ಯಾವ ನಿಯಮದಲ್ಲಿ?”

ಕಡತ ಮುಚ್ಚುವ ನಮೂನೆಯನ್ನು ಅವಳ ಮುಂದೆ ಸರಿಸಿದೆ. ಮಾದರಿ ಏನಾಯಿತು ಎಂದು ಮಾಲೀಕರೇ ತುಂಬಿ ಸಹಿ ಹಾಕಬೇಕು. ಇರುವುದು ಮೂರು ಚೌಕ: ಪರೀಕ್ಷೆಯಲ್ಲಿ ಖರ್ಚಾಯಿತು, ನಾಶಪಡಿಸಲಾಯಿತು, ಹಿಂತಿರುಗಿಸಲಾಯಿತು. ಬಾಗಿಲಲ್ಲಿ ನಿಂತಿದ್ದ ಮಾದಿಯಾರ್ ನಾಲ್ಕು ದಿನಗಳ ಮೌನ ಮುರಿದ.

“ನಾಶ ಅಂತ ಗುರುತು ಹಾಕಿ ಅಕ್ಕಾ. ಎಲ್ಲರಿಗೂ ಒಳ್ಳೇದು.”

“ಹಾಕಲ್ಲ. ಏನ್ ನಾಶ ಆಯ್ತು? ನೀವು ಸುಟ್ಟಿದ್ರೆ ನಾಶ.” ನನ್ನ ಕಡೆ ತಿರುಗಿದಳು. “ಚೆನ್ನಾಗಿತ್ತಾ?”

ಮೂವತ್ತೊಂದು ವರ್ಷದಲ್ಲಿ ಯಾವ ಆಮದುದಾರರೂ ಇದನ್ನು ಕೇಳಿರಲಿಲ್ಲ.

“ಚೆನ್ನಾಗಿತ್ತು,” ಎಂದೆ.

ಪೆನ್ನು ಕೇಳಿದಳು. ಮೂರು ಚೌಕಗಳನ್ನೂ ಬಿಟ್ಟು, ಕೆಳಗಿನ ಖಾಲಿ ಜಾಗದಲ್ಲಿ, ಹಳೆಯ ಕಾಲದ ದುಂಡಕ್ಷರದಲ್ಲಿ ಬರೆದಳು: ತಿಂದರು. ಅದಕ್ಕೇ ಮಾಡಿದ್ದು.

ಸಹಿ ಹಾಕಿ, ತಾರೀಕು ನನ್ನನ್ನು ಕೇಳಿ ಬರೆದು, ನಮೂನೆಯನ್ನು ನನ್ನ ಮೇಜಿನ ಮೇಲೆ ಬಿಟ್ಟು, ಬಿಡುಗಡೆಯ ಕಾಗದ ಮಡಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಗೋದಾಮಿನ ಅಂಗಳದಲ್ಲಿ ಅವಳು ಚಾಲಕನನ್ನು ಬಯ್ಯುವುದು ಕೇಳಿಸಿತು.

ಅವಳು ಬರೆದದ್ದನ್ನು ಕಂಪ್ಯೂಟರಿಗೆ ಹಾಕಿದೆ. ಒಪ್ಪಲಿಲ್ಲ, ಮೂರರಲ್ಲಿ ಒಂದನ್ನು ಆರಿಸು ಎಂದಿತು. ಮತ್ತೆ ಹಾಕಿದೆ. ಮತ್ತೆ ಅದನ್ನೇ ಹೇಳಿತು. ಮಾದಿಯಾರ್ ನನ್ನ ಹೆಗಲ ಹಿಂದೆ ನಿಂತು ಕಾಯುತ್ತಿದ್ದ. ಕಂಪ್ಯೂಟರ್ ಆಫ್ ಮಾಡಿ, ಮೇಜಿನ ಕೆಳಗಿನ ಖಾನೆಯಿಂದ ಹಳೆಯ ಮರದ ಮುದ್ರೆ ತೆಗೆದೆ. ಶಾಯಿಮೆತ್ತೆ ಒಣಗಿತ್ತು. ಉಗುಳು ಹಚ್ಚಿ ಒದ್ದೆ ಮಾಡಿ, ಅವಳ ಬರಹದ ಪಕ್ಕದಲ್ಲಿ ಒತ್ತಿದೆ: ಪರಿಶೀಲಿಸಿದೆ, ಸರಿಯಿದೆ.